ಟ್ರಕ್ಕಿಗೊಂದು ನೈಟ್ರೋ ಎಂಜಿನ್: ಅಶ್ವಶಕ್ತಿಗಿಂತ ಮೊದಲು ನೋಡಬೇಕಾದದ್ದು

ನೈಟ್ರೋಮೀಥೇನ್ ಬೆರೆತ ಇಂಧನದಲ್ಲಿ ಓಡುವ, ರೇಡಿಯೋ ನಿಯಂತ್ರಿತ ಮಾದರಿ ವಾಹನಗಳ ಪುಟ್ಟ ನೈಟ್ರೋ ಎಂಜಿನ್ ಮಾರುವವರು ಮೊದಲು ಹೇಳುವುದು ಅಶ್ವಶಕ್ತಿಯನ್ನು. ಎರಡೂವರೆ, ಮೂರು, ಮೂರೂವರೆ ಎಂದು ಅದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಶಕ್ತಿ ಎಷ್ಟು ವೇಗದಲ್ಲಿ ಸಿಗುತ್ತದೆ ಎಂಬುದು ಅದರ ಕೆಳಗೆ ಚಿಕ್ಕದಾಗಿ ಇರುತ್ತದೆ: ನಿಮಿಷಕ್ಕೆ 33,000 ಸುತ್ತು, 34,000 ಸುತ್ತು, ಹೀಗೆ. ಮಣ್ಣಿನ ಟ್ರ್ಯಾಕಿನಲ್ಲಿ ರೇಡಿಯೋ ನಿಯಂತ್ರಿತ ಟ್ರಕ್ ಓಡಿಸಲು ಹೊರಟವರು ಗಮನವಿಟ್ಟು ಓದಬೇಕಾದದ್ದು ಆ ಚಿಕ್ಕ ಅಕ್ಷರವನ್ನು. ಅಷ್ಟು ವೇಗಕ್ಕೆ ಎಂಜಿನ್ ಏರುವುದು ಟ್ರ್ಯಾಕಿನ ಅತಿ ಉದ್ದದ ನೇರ ಹಾದಿಯ ಕೊನೆಯಲ್ಲಿ, ಒಂದೆರಡು ಕ್ಷಣ ಮಾತ್ರ. ಉಳಿದ ಹೊತ್ತೆಲ್ಲ ಅದು ತಿರುವಿನಿಂದ ಹೊರಬರುತ್ತಿರುತ್ತದೆ, ದಿಬ್ಬದ ಬುಡದಲ್ಲಿ ಜಿಗಿತಕ್ಕೆ ಬೇಕಾದ ವೇಗ ಕೂಡಿಸಿಕೊಳ್ಳುತ್ತಿರುತ್ತದೆ, ಇಲ್ಲವೇ ಉಬ್ಬುತಗ್ಗಿನ ಮೇಲೆ ಅರೆ ಥ್ರಾಟಲ್‌ನಲ್ಲಿ ಕುಣಿಯುತ್ತಿರುತ್ತದೆ. ಒಂದು ಸುತ್ತಿನ ಸಮಯ ತೀರ್ಮಾನವಾಗುವುದು ಅಲ್ಲಿ.

ಇನ್ನೊಂದು ಸಂಗತಿ. ಈ ಅಶ್ವಶಕ್ತಿಯ ಅಂಕಿಗಳಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲಿಲ್ಲ. ಪ್ರತಿ ತಯಾರಕರೂ ತಮ್ಮದೇ ಪರೀಕ್ಷಾ ಯಂತ್ರದಲ್ಲಿ, ತಮಗೆ ಸರಿಹೋಗುವ ಎಕ್ಸಾಸ್ಟ್ ಪೈಪ್ ಮತ್ತು ಇಂಧನ ಬಳಸಿ ಅಳೆಯುತ್ತಾರೆ. ಎರಡು ಕಂಪನಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಇದು ಹೆಚ್ಚು, ಅದು ಕಡಿಮೆ ಎಂದು ತೀರ್ಮಾನಿಸುವುದರಲ್ಲಿ ಹುರುಳಿಲ್ಲ.

ಹಾಗಾದರೆ ಏನು ನೋಡಬೇಕು? ಇಷ್ಟು ವರ್ಷ ಈ ಪುಟ್ಟ ಎಂಜಿನ್‌ಗಳ ಸಹವಾಸದಲ್ಲಿ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ. ದೀರ್ಘ ಫೈನಲ್ ರೇಸಿನ ಕೊನೆಯ ಹತ್ತು ನಿಮಿಷದಲ್ಲಿ, ಮೈ ಪೂರ್ತಿ ಕಾದಿರುವಾಗ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಿರುವಾಗ, ಮೊದಲ ಸುತ್ತಿನಲ್ಲಿ ಹೇಗೆ ಎಳೆಯಿತೋ ಹಾಗೆಯೇ ಎಳೆಯುವ ಎಂಜಿನ್ನೇ ಒಳ್ಳೆಯ ಎಂಜಿನ್. ಹದ ಕೆಡದೆ ನಿಲ್ಲುವ ಗುಣ ಅದು. ಪೆಟ್ಟಿಗೆಯ ಮೇಲೆ ಅದನ್ನು ಯಾರೂ ಅಚ್ಚು ಹಾಕುವುದಿಲ್ಲ. ಆದರೆ ಎಂಜಿನ್ನಿನ ಒಳಗಿನ ರಚನೆಯನ್ನೂ ಅದರ ಸುತ್ತಲಿನ ಭಾಗಗಳನ್ನೂ ಸರಿಯಾಗಿ ಓದಿದರೆ ಅದನ್ನು ಬಹುಮಟ್ಟಿಗೆ ಊಹಿಸಬಹುದು.

ಮೊದಲು ಟ್ರಕ್ ಯಾವುದು ಎಂಬುದು ಸ್ಪಷ್ಟವಾಗಬೇಕು. ಒಂದಕ್ಕೆ ಹತ್ತರ ಅಳತೆಯ (ನಿಜ ವಾಹನದ ಹತ್ತನೇ ಒಂದರಷ್ಟಿರುವ), ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ಸ್ಟೇಡಿಯಂ ಟ್ರಕ್ಕಿಗೆ .12 ಅಥವಾ .15 ಗಾತ್ರದ ಎಂಜಿನ್ ಸಾಕು. ಇಲ್ಲಿ ಅಂಕಿ ಘನ ಇಂಚಿನಲ್ಲಿದೆ; .12 ಎಂದರೆ ಸುಮಾರು 2 ಸಿಸಿ, .15 ಎಂದರೆ ಸುಮಾರು 2.5 ಸಿಸಿ. ಒಂದಕ್ಕೆ ಎಂಟರ ಅಳತೆಯ, ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಟ್ರಗ್ಗಿಗೆ (ಬಗ್ಗಿಯ ರಚನೆಗೆ ದೊಡ್ಡ ಚಕ್ರ, ಟ್ರಕ್ಕಿನ ಮೈ ಸೇರಿದ ವಾಹನ) ಬೇಕಾದದ್ದು .21, ಅಂದರೆ 3.5 ಸಿಸಿ. ಮಾದರಿ ಕಾರು ರೇಸಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಇಫ್ಮಾರ್ ಇದೇ ಅಳತೆಯ ಬಗ್ಗಿಗಳಿಗೆ, ಅಂದರೆ ಮಣ್ಣಿನ ಟ್ರ್ಯಾಕಿನ ತಗ್ಗು ಮೈಯ ರೇಸ್ ಕಾರುಗಳಿಗೆ, 3.5 ಸಿಸಿಯ ಮಿತಿ ಹಾಕಿದೆ, ಟ್ರಗ್ಗಿ ರೇಸುಗಳಲ್ಲೂ ಅದೇ ಮಿತಿ ರೂಢಿಯಲ್ಲಿದೆ. .28 ಗಾತ್ರದ 4.6 ಸಿಸಿ ಎಂಜಿನ್ ಹೊರಗಿನಿಂದ ಹೆಚ್ಚುಕಡಿಮೆ .21ರಷ್ಟೇ ಇರುವುದರಿಂದ ಟ್ರಗ್ಗಿಯೊಳಗೆ ಸಲೀಸಾಗಿ ಕೂರುತ್ತದೆ. ಬಯಲಿನಲ್ಲಿ ಓಡಿಸಿ ಖುಷಿಪಡುವುದಕ್ಕೆ ಅದು ಚೆನ್ನ. ರೇಸಿಗೆ ಅದು ಬರುವುದಿಲ್ಲ. ಮುಂದೆ ನಾನು ಹೇಳುವುದೆಲ್ಲ ಮುಖ್ಯವಾಗಿ .21 ಎಂಜಿನ್ ಮತ್ತು ಟ್ರಗ್ಗಿಯ ಕುರಿತು. ಈ ಆಟದಲ್ಲಿ ನನ್ನ ಮನಸ್ಸು ನಿಂತಿರುವುದು ಅಲ್ಲೇ.

ಬಗ್ಗಿಗೂ ಟ್ರಗ್ಗಿಗೂ ಎಂಜಿನ್ನಿನ ಗಾತ್ರ ಒಂದೇ ಆದರೂ ಅವು ಎಂಜಿನ್ನಿನಿಂದ ಬೇಡುವುದು ಒಂದೇ ಅಲ್ಲ. ಒಂದು ಸರಳ ಲೆಕ್ಕ ಹಾಕೋಣ. ಬಗ್ಗಿಯ ತೂಕ 3.2 ಕಿಲೋಗಿಂತ ಸ್ವಲ್ಪ ಮೇಲೆ. ಟ್ರಗ್ಗಿ ನಾಲ್ಕು ಕಿಲೋದ ಆಸುಪಾಸು. ಬಗ್ಗಿಯ ಚಕ್ರದ ವ್ಯಾಸ ಸುಮಾರು 11.5 ಸೆಂಟಿಮೀಟರ್, ಟ್ರಗ್ಗಿಯದು ಸುಮಾರು 14. ಅಷ್ಟೇ ಚುರುಕಾಗಿ ವೇಗ ಏರಬೇಕಾದರೆ ತೂಕದ ದೆಸೆಯಿಂದ ಕಾಲು ಭಾಗ ಹೆಚ್ಚು ಬಲ ಬೇಕು. ಆ ಬಲವನ್ನು ದೊಡ್ಡ ಚಕ್ರದ ಅಂಚಿಗೆ ಮುಟ್ಟಿಸಲು ಮತ್ತೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ಎರಡನ್ನೂ ಗುಣಿಸಿದರೆ ಚಕ್ರದ ಅಚ್ಚಿನಲ್ಲಿ ಬೇಕಾಗುವ ಟಾರ್ಕ್ ಬಗ್ಗಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಗೇರ್ ಹಲ್ಲು ಬದಲಿಸಿ ಇದರಲ್ಲಿ ಒಂದು ಪಾಲನ್ನು ಸರಿದೂಗಿಸಬಹುದು, ಎಲ್ಲವನ್ನೂ ಅಲ್ಲ. ಜಿಗಿದು ಗಾಳಿಯಲ್ಲಿರುವಾಗಲೂ ಈ ವ್ಯತ್ಯಾಸ ಕಾಣುತ್ತದೆ. ಥ್ರಾಟಲ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ತಗ್ಗುತ್ತದೆ; ತಿರುಗುವ ಚಕ್ರಗಳ ಜಡತ್ವದಿಂದ ಆಗುವುದು ಇದು. ಟ್ರಗ್ಗಿಯ ಭಾರದ ಚಕ್ರಗಳಿಗೆ ಆ ಪರಿಣಾಮ ಇನ್ನೂ ಜೋರು. ಬೆರಳು ಆಡಿಸಿದ ಕೂಡಲೇ ಓಗೊಡುವ, ಹಾಗೆಂದು ಎಗರಿ ಬೀಳದ ಎಂಜಿನ್ ಇದ್ದರೆ ಗಾಳಿಯಲ್ಲೂ ಟ್ರಕ್ ನಮ್ಮ ಕೈಯಲ್ಲೇ ಇರುತ್ತದೆ.

ಇನ್ನು ಎಂಜಿನ್ನಿನ ಒಳಕ್ಕೆ. ಇದು ಎರಡು ಸ್ಟ್ರೋಕಿನ ಯಂತ್ರ. ವಾಲ್ವ್‌ಗಳಿಲ್ಲ, ಕ್ಯಾಮ್ ಇಲ್ಲ, ಸ್ಪಾರ್ಕ್ ಪ್ಲಗ್ ಕೂಡ ಇಲ್ಲ. ಮಾದರಿ ವಿಮಾನಗಳ ಹಳೆಯ ಎಂಜಿನ್‌ಗಳು ಕಿಡಿಗಾಗಿ ಕಾಯಿಲ್, ಬ್ಯಾಟರಿ ಎಲ್ಲವನ್ನೂ ಹೊತ್ತು ಹಾರಬೇಕಿತ್ತು. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಗ್ಲೋ ಪ್ಲಗ್ ತಂದ ಮೇಲೆ ಆ ಹೊರೆ ಇಳಿಯಿತು. ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿಯೊಂದು ಇಂಧನದ ಮುಖ್ಯ ಭಾಗವಾದ ಮೆಥನಾಲ್ ಆವಿಯ ಸಂಪರ್ಕದಲ್ಲಿ ರಾಸಾಯನಿಕ ಕ್ರಿಯೆಯಿಂದಲೇ ಕೆಂಪಗೆ ಕಾದಿರುತ್ತದೆ. ಒಮ್ಮೆ ಎಂಜಿನ್ ಹತ್ತಿಕೊಂಡರೆ ಹೊರಗಿನ ವಿದ್ಯುತ್ತು ಬೇಡ. ಇದರಿಂದ ಆದ ಇನ್ನೊಂದು ಪರಿಣಾಮ ದೊಡ್ಡದು. ಕಿಡಿ ಯಾವಾಗ ಹಾರಬೇಕು ಎಂದು ಪ್ರತ್ಯೇಕವಾಗಿ ಹೊಂದಿಸುವ ತಿರುಪೇ ಇಲ್ಲಿಲ್ಲ. ಪ್ಲಗ್ ಎಷ್ಟು ಬಿಸಿಯ ಜಾತಿಯದು, ಕಂಪ್ರೆಷನ್ ಎಷ್ಟು, ಇಂಧನದಲ್ಲಿ ನೈಟ್ರೋಮೀಥೇನ್ ಎಷ್ಟು, ಮಿಶ್ರಣ ಎಷ್ಟು ದಟ್ಟ ಎಂಬ ನಾಲ್ಕೂ ಸೇರಿ ಆ ಕ್ಷಣವನ್ನು ನಿರ್ಧರಿಸುತ್ತವೆ. ಒಂದನ್ನು ಮುಟ್ಟಿದರೆ ಉಳಿದ ಮೂರೂ ಕದಲುತ್ತವೆ. ನೈಟ್ರೋ ಎಂಜಿನ್ ಹಟಮಾರಿ ಎಂಬ ಹೆಸರು ಬಂದಿರುವುದು ಈ ನಂಟಿನಿಂದ.

ಸಿಲಿಂಡರಿನ ತೋಳನ್ನು (ಪಿಸ್ಟನ್ ಆಡುವ ಒಳಗೊಳವೆ, ಸ್ಲೀವ್) ಹೊರತೆಗೆದು ಬೆಳಕಿಗೆ ಹಿಡಿದರೆ ಅದರ ಸುತ್ತ ಕಿಟಕಿಗಳಂತೆ ಪೋರ್ಟ್‌ಗಳು ಕಾಣುತ್ತವೆ. ಅತಿ ಎತ್ತರದಲ್ಲಿರುವುದು ಎಕ್ಸಾಸ್ಟ್ ಪೋರ್ಟ್, ಉಳಿದವು ಹೊಸ ಮಿಶ್ರಣವನ್ನು ಒಳಬಿಡುವ ಟ್ರಾನ್ಸ್‌ಫರ್ ಪೋರ್ಟ್‌ಗಳು. ಒಳಬರುವ ಮಿಶ್ರಣ ನೇರವಾಗಿ ಎಕ್ಸಾಸ್ಟ್ ಕಡೆಗೆ ಓಡಿಹೋಗದಂತೆ, ಎದುರು ಗೋಡೆಗೆ ತಾಗಿ ಮೇಲೇರಿ ಸುತ್ತಿ ಬರುವಂತೆ ಅವುಗಳನ್ನು ಓರೆಯಾಗಿ ಕೊರೆದಿರುತ್ತಾರೆ. 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನೂರ್ಲೆ ರೂಪಿಸಿದ ಉಪಾಯ ಇದು. ಇಂದಿಗೂ ಈ ಎಂಜಿನ್‌ಗಳೆಲ್ಲ ಅದರ ಮೇಲೇ ನಿಂತಿವೆ. ಮೂರು ಪೋರ್ಟ್, ಐದು ಪೋರ್ಟ್, ಏಳು ಪೋರ್ಟ್ ಎಂದು ಮಾರಾಟದಲ್ಲಿ ಕೇಳಿಬರುವುದು ಈ ಕಿಟಕಿಗಳ ಎಣಿಕೆ. ಹೆಚ್ಚು ಪೋರ್ಟ್ ಇದ್ದರೆ ಮೇಲಿನ ವೇಗದಲ್ಲಿ ಉಸಿರಾಟ ಸಲೀಸು. ಕಡಿಮೆ ಇದ್ದರೆ ಕೆಳಗಿನಿಂದ ನಡುವಿನವರೆಗೆ ಎಳೆತ ಗಟ್ಟಿ, ಇಂಧನವೂ ಮಿಗುತ್ತದೆ ಎಂಬುದು ಸಾಮಾನ್ಯ ಅನುಭವ. ಆದರೆ ಎಣಿಕೆಯೊಂದನ್ನೇ ನೆಚ್ಚಿಕೊಳ್ಳಬಾರದು. ಎಕ್ಸಾಸ್ಟ್ ಪೋರ್ಟಿನ ಮೇಲಂಚು ಎಷ್ಟು ಎತ್ತರದಲ್ಲಿದೆ ಎಂಬುದು ಅದಕ್ಕಿಂತ ಹೆಚ್ಚು ಹೇಳುತ್ತದೆ. ಅಂಚು ಎತ್ತರವಿದ್ದರೆ ಪೋರ್ಟ್ ಬೇಗ ತೆರೆದುಕೊಳ್ಳುತ್ತದೆ, ಎಂಜಿನ್ ಜೋರಾಗಿ ಸುತ್ತುತ್ತದೆ, ಕೆಳಗಿನ ಎಳೆತ ಸೊರಗುತ್ತದೆ. ಟ್ರಗ್ಗಿಗೆ ನನ್ನ ಒಲವು ಮೂರು ಅಥವಾ ಐದು ಪೋರ್ಟಿನ, ಸಾಧಾರಣ ಎತ್ತರದ ಎಕ್ಸಾಸ್ಟ್ ಇರುವ ಎಂಜಿನ್ ಕಡೆಗೆ.

ಈ ಜಾತಿಯ ಬಹಳಷ್ಟು .21 ಎಂಜಿನ್‌ಗಳ ಬೋರ್ 16.27 ಮಿಲಿಮೀಟರ್, ಸ್ಟ್ರೋಕ್ 16.8 ಮಿಲಿಮೀಟರ್. ಗುಣಿಸಿ ನೋಡಿದರೆ 3.49 ಸಿಸಿ, ನಿಯಮದ ಅಂಚಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿದ್ದಾರೆ. ಬೋರಿಗಿಂತ ಸ್ಟ್ರೋಕ್ ತುಸು ಉದ್ದ ಎಂಬುದನ್ನು ಗಮನಿಸಿ. 33,000 ಸುತ್ತಿನಲ್ಲಿ ಈ ಪಿಸ್ಟನ್ ಸೆಕೆಂಡಿಗೆ 550 ಬಾರಿ ಮೇಲೆ ಕೆಳಗೆ ಆಡುತ್ತದೆ, ಸರಾಸರಿ ವೇಗ ಸೆಕೆಂಡಿಗೆ 18 ಮೀಟರಿಗೂ ಹೆಚ್ಚು. ಅಂಗೈಯಲ್ಲಿ ಹಿಡಿಯುವ ಯಂತ್ರವೊಂದು ಇಷ್ಟನ್ನು ತಾಳಿಕೊಳ್ಳುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಪಿಸ್ಟನ್ನಿಗೆ ರಿಂಗ್ ಇಲ್ಲ ಎಂಬುದು ಕಾರು, ಬೈಕುಗಳ ಎಂಜಿನ್ ಬಲ್ಲವರಿಗೆ ಅಚ್ಚರಿ ತರುತ್ತದೆ. ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ತೋಳು, ಅದರ ಒಳಮೈಗೆ ಕ್ರೋಮ್ ಲೇಪನ. ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಬಿಸಿ ಎನ್ನುತ್ತಾರೆ. ತೋಳು ಮೇಲಕ್ಕೆ ಹೋದಂತೆ ಸ್ವಲ್ಪವೇ ಕಿರಿದಾಗುತ್ತದೆ. ತಣ್ಣಗಿರುವ ಹೊಸ ಎಂಜಿನ್ನಿನ ಫ್ಲೈವೀಲನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿ: ಮುಕ್ಕಾಲು ಸುತ್ತು ಹಗುರವಾಗಿ ಬಂದು, ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಇದಕ್ಕೆ ಪಿಂಚ್ ಎನ್ನುತ್ತಾರೆ. ಎಂಜಿನ್ ಕಾದಾಗ ಹಿತ್ತಾಳೆಯ ತೋಳು ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗಿ, ಓಡುವ ಬಿಸಿಯಲ್ಲಿ ಎರಡೂ ಹೇಳಿ ಮಾಡಿಸಿದಂತೆ ಹೊಂದಿಕೊಳ್ಳುತ್ತವೆ. ತಣ್ಣಗಿರುವಾಗ ಬಲವಂತದಿಂದ ಸ್ಟಾರ್ಟ್ ಮಾಡಿದರೆ ಆ ಕಚ್ಚುವಿಕೆಯ ಪೂರ್ತಿ ಭಾರ ಕನೆಕ್ಟಿಂಗ್ ರಾಡ್ ಮೇಲೆ ಬೀಳುತ್ತದೆ. ಅದಕ್ಕೇ ಅನುಭವಿಗಳು ಹೊಸ ಎಂಜಿನ್ನನ್ನು ಮೊದಲು ಹೀಟರಿನಿಂದಲೋ ಬಿಸಿಗಾಳಿಯಿಂದಲೋ ಬೆಚ್ಚಗೆ ಮಾಡಿ ಆಮೇಲೆ ಫ್ಲೈವೀಲ್ ತಿರುಗಿಸಿ ಎಂಜಿನ್ ಹತ್ತಿಸುವ ಸ್ಟಾರ್ಟರ್ ಬಾಕ್ಸಿನ ಮೇಲೆ ಇಡುತ್ತಾರೆ. ಓಟ ಮುಗಿದ ಮೇಲೆ ಪಿಸ್ಟನ್ನನ್ನು ಕೆಳತುದಿಗೆ ಇಳಿಸಿ ತಣಿಯಲು ಬಿಡುತ್ತಾರೆ. ಬಳಸಿದ ಎಂಜಿನ್ ಕೊಳ್ಳುವಾಗಲೂ ಮೊದಲ ಪರೀಕ್ಷೆ ಇದೇ. ತಣ್ಣಗಿದ್ದಾಗಲೂ ಫ್ಲೈವೀಲ್ ಎಲ್ಲೂ ತಡೆಯದೆ ಗಿರಗಿರನೆ ತಿರುಗಿದರೆ ಆ ಪಿಸ್ಟನ್, ತೋಳುಗಳ ಆಯುಷ್ಯ ಮುಗಿದಿದೆ. ಹೊರಗಿನ ಹೊಳಪು ಎಷ್ಟಿದ್ದರೂ ಅದನ್ನು ಕೊಳ್ಳಬಾರದು.

ಬಣ್ಣದ ಹೆಡ್, ಲೇಸರಿನಲ್ಲಿ ಕೆತ್ತಿದ ಹೆಸರು ಇವನ್ನೆಲ್ಲ ಬಿಟ್ಟುಬಿಡಿ. ಹೆಚ್ಚಿನ ಬೆಲೆಯ ಎಂಜಿನ್ನಿನಲ್ಲಿ ನಿಜಕ್ಕೂ ಸಿಗುವುದು ಕೆಲವೇ. ಹಿಂದಿನ ಬೇರಿಂಗಿನಲ್ಲಿ ಉಕ್ಕಿನ ಗುಂಡುಗಳ ಬದಲು ಸಿಲಿಕಾನ್ ನೈಟ್ರೈಡಿನ ಸೆರಾಮಿಕ್ ಗುಂಡುಗಳಿರುತ್ತವೆ; ಅವು ಹಗುರ, ತುಕ್ಕು ಹಿಡಿಯುವುದಿಲ್ಲ. ಮೆಥನಾಲ್ ಗಾಳಿಯ ತೇವವನ್ನು ಹೀರುವ ದ್ರವವಾದ್ದರಿಂದ ತುಕ್ಕು ಇಲ್ಲಿ ದೊಡ್ಡ ಶತ್ರು, ಆ ಬೇರಿಂಗಿಗೆ ಕೊಟ್ಟ ದುಡ್ಡು ನಷ್ಟವಲ್ಲ. ಕ್ರ್ಯಾಂಕ್‌ಶಾಫ್ಟಿಗೆ ವಜ್ರದಂಥ ಗಡಸು ಇಂಗಾಲದ ಲೇಪನ, ಸಮತೋಲನಕ್ಕೆ ಟಂಗ್‌ಸ್ಟನ್ ತುಂಡುಗಳು, ಒಳದಾರಿಯಲ್ಲಿ ಮಿಶ್ರಣ ನುಣುಪಾಗಿ ಹರಿಯಲು ಸಿಲಿಕೋನ್ ತುಂಬುವಿಕೆ ಇವೆಲ್ಲ ಲಾಭ ಕೊಡುತ್ತವೆ, ಆದರೆ ಸಣ್ಣ ಸಣ್ಣ ಲಾಭ. ಮೊದಲ ಎಂಜಿನ್ ಕೊಳ್ಳುವವರಿಗೆ ಅವಿಲ್ಲದಿದ್ದರೂ ನಡೆಯುತ್ತದೆ. ಎಳೆದು ಸ್ಟಾರ್ಟ್ ಮಾಡುವ ದಾರವಿರುವ ಎಂಜಿನ್ ಬೇಡ ಎನ್ನುತ್ತೇನೆ. ಅದರಲ್ಲಿ ತೂಕ ಹೆಚ್ಚು, ಕೆಡಬಹುದಾದ ಭಾಗಗಳೂ ಹೆಚ್ಚು, ಪಿಂಚ್ ಗಟ್ಟಿಯಿರುವ ರೇಸ್ ಎಂಜಿನ್ನಿಗೆ ಅದು ಹೊಂದುವುದೂ ಇಲ್ಲ.

ಕಾರ್ಬ್ಯುರೇಟರಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಹದ ಕಾಯುವ ಕೆಲಸ ಬಹುಪಾಲು ನಡೆಯುವುದು ಅಲ್ಲಿ. ರೇಸ್ ಎಂಜಿನ್‌ಗಳಲ್ಲಿ ಜಾರುವ ಸ್ಲೈಡ್ ಕಾರ್ಬ್ಯುರೇಟರ್ ಇರುತ್ತದೆ. ಅದರ ಗಾಳಿ ದಾರಿಯೊಳಗೆ ಕೂರಿಸಲು ಬೇರೆ ಬೇರೆ ಒಳವ್ಯಾಸದ ಸಣ್ಣ ಬಳೆಗಳನ್ನು ಕೊಡುತ್ತಾರೆ, ಐದೂವರೆ ಮಿಲಿಮೀಟರಿನಿಂದ ಒಂಬತ್ತರವರೆಗೆ. ದೊಡ್ಡ ಬಳೆ ಹಾಕಿದರೆ ಗಾಳಿ ಹೆಚ್ಚು, ಶಕ್ತಿ ಹೆಚ್ಚು ಎಂದು ಕಾಗದದ ಮೇಲೆ ತೋರುತ್ತದೆ. ಟ್ರ್ಯಾಕಿನಲ್ಲಿ ಚಿಕ್ಕ ಬಳೆಯೇ ಗೆಲ್ಲುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ದಾರಿ ಕಿರಿದಾದಾಗ ಗಾಳಿಯ ವೇಗ ಏರುತ್ತದೆ, ಕಡಿಮೆ ಸುತ್ತಿನಲ್ಲೂ ಇಂಧನ ಚೆನ್ನಾಗಿ ಚೂರಾಗಿ ಬೆರೆಯುತ್ತದೆ, ತಿರುವಿನಿಂದ ಹೊರಬರುವಾಗ ಎಂಜಿನ್ ತಡವರಿಸುವುದಿಲ್ಲ. ಜೊತೆಗೆ ಇಂಧನವೂ ಉಳಿಯುತ್ತದೆ.

ಆ ಇಂಧನ ಎಷ್ಟು ಸೂಕ್ಷ್ಮ ಪ್ರಮಾಣದ್ದು ಎಂದು ನೋಡಿ. 150 ಸಿಸಿ ಟ್ಯಾಂಕ್ ಹತ್ತು ನಿಮಿಷ ಬಂದರೆ ನಿಮಿಷಕ್ಕೆ 15 ಸಿಸಿ ಖರ್ಚು. ಸರಾಸರಿ ವೇಗ 20,000 ಸುತ್ತು ಎಂದಿಟ್ಟುಕೊಂಡರೆ ಒಂದೊಂದು ಉರಿಯುವಿಕೆಗೆ ಹೋಗುವ ಇಂಧನ ಒಂದು ಘನ ಮಿಲಿಮೀಟರಿನ ಮುಕ್ಕಾಲು ಭಾಗ. ಕಾರ್ಬ್ಯುರೇಟರಿಗೆ ಹರಿಯುವ ಇಂಧನವನ್ನು ಹೊಂದಿಸುವ ನೀಡಲ್ ತಿರುಪನ್ನು ಗಡಿಯಾರದ ಒಂದು ಗಂಟೆಯಷ್ಟು ತಿರುಗಿಸಿದರೂ ಎಂಜಿನ್ನಿನ ನಡವಳಿಕೆ ಬದಲಾಗುವುದು ಏಕೆಂಬುದು ಈ ಅಂಕಿಯನ್ನು ನೋಡಿದ ಮೇಲೆ ಅರ್ಥವಾಗುತ್ತದೆ. ಇಂಧನ ಕಡಿಮೆಯಾದ ಮಿಶ್ರಣವನ್ನು ಲೀನ್ ಎಂದೂ ಹೆಚ್ಚಾದದ್ದನ್ನು ರಿಚ್ ಎಂದೂ ಕರೆಯುತ್ತೇವೆ. ಲೀನ್ ಆದ ಎಂಜಿನ್ ಮೊದಲು ಚೂಪಾಗಿ, ಹುರುಪಿನಿಂದ ಓಡುತ್ತದೆ. ಆ ಹುರುಪನ್ನು ನಂಬಿದರೆ ಕೆಟ್ಟೆವು. ಇಂಧನದಲ್ಲೇ ಎಣ್ಣೆಯೂ ಬೆರೆತಿರುವುದರಿಂದ ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ತಂಪೂ ಕಡಿಮೆ. ಮೆಥನಾಲ್ ಆವಿಯಾಗುವಾಗ ಬಹಳಷ್ಟು ಶಾಖವನ್ನು ಹೀರಿಕೊಳ್ಳುತ್ತದೆ, ಎಂಜಿನ್ ತಣ್ಣಗಿರುವುದರಲ್ಲಿ ಅದರ ಪಾಲು ದೊಡ್ಡದು.

ಕಡಿಮೆ ವೇಗದ ನೀಡಲ್ ಸರಿಯಿದೆಯೇ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆ ಇದೆ, ನನಗೆ ಬಲು ಇಷ್ಟವಾದದ್ದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಐಡಲ್‌ನಲ್ಲಿ ಓಡುತ್ತಿರುವಾಗ, ಕಾರ್ಬ್ಯುರೇಟರಿಗೆ ಹೋಗುವ ಸಿಲಿಕೋನ್ ಕೊಳವೆಯನ್ನು ಎರಡು ಬೆರಳಿನಲ್ಲಿ ಹಿಸುಕಿ ಹಿಡಿಯಬೇಕು. ಎರಡು ಮೂರು ಸೆಕೆಂಡು ಸದ್ದು ತುಸು ಏರಿ ಆಮೇಲೆ ನಿಂತರೆ ಹದ ಸರಿಯಿದೆ. ಹಿಸುಕಿದ ಕೂಡಲೇ ನಿಂತರೆ ಲೀನ್. ಸದ್ದು ಬಹಳ ಹೊತ್ತು ಏರುತ್ತಲೇ ಹೋದರೆ ರಿಚ್. ಕೊಳ್ಳುವ ಮುನ್ನ ಯಾರದಾದರೂ ಎಂಜಿನ್ ನೋಡುವ ಅವಕಾಶ ಸಿಕ್ಕರೆ ಈ ಪರೀಕ್ಷೆಯನ್ನು ಟ್ಯಾಂಕ್ ತುಂಬಿರುವಾಗ ಒಮ್ಮೆ, ಕಾಲು ಭಾಗ ಉಳಿದಿರುವಾಗ ಇನ್ನೊಮ್ಮೆ ಮಾಡಿಸಿ. ಟ್ಯಾಂಕಿಗೆ ಒತ್ತಡ ಸಿಗುವುದು ಎಕ್ಸಾಸ್ಟ್ ಪೈಪಿನಿಂದ. ಇಂಧನ ಇಳಿದು ಟ್ಯಾಂಕಿನಲ್ಲಿ ಗಾಳಿಯ ಜಾಗ ಹೆಚ್ಚಿದಂತೆ ಮಿಶ್ರಣ ಲೀನ್ ಕಡೆಗೆ ಜಾರುತ್ತದೆ. ಎಲ್ಲ ಎಂಜಿನ್‌ಗಳಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಎರಡು ಪರೀಕ್ಷೆಗಳ ನಡುವೆ ಅಂತರ ಕಡಿಮೆ ಇರುವ ಎಂಜಿನ್ನೇ ನಾನು ಮೊದಲು ಹೇಳಿದ ಎಂಜಿನ್.

ಇಂಧನದ ಮಿತವ್ಯಯ ರೇಸಿನ ಲೆಕ್ಕದಲ್ಲಿ ಅಶ್ವಶಕ್ತಿಯಷ್ಟೇ ತೂಗುತ್ತದೆ. 45 ನಿಮಿಷದ ಫೈನಲ್ ಎಂದುಕೊಳ್ಳಿ. ಒಂದು ಟ್ಯಾಂಕಿಗೆ ಎಂಟು ನಿಮಿಷ ಓಡುವ ಟ್ರಕ್ ಐದು ಬಾರಿ ಪಿಟ್‌ಗೆ ಬರಬೇಕು. ಹತ್ತು ನಿಮಿಷ ಓಡುವ ಟ್ರಕ್ ನಾಲ್ಕು ಬಾರಿ. ಒಂದು ಬಾರಿ ಕಡಿಮೆಯಾದರೆ ಉಳಿಯುವ ಸೆಕೆಂಡುಗಳನ್ನು ನೇರ ಹಾದಿಯ ಕೊನೆಯ ವೇಗದಿಂದ ಗಳಿಸುವುದು ಬಹಳ ಕಷ್ಟ. ಬಗ್ಗಿಗಳ ವಿಶ್ವ ಚಾಂಪಿಯನ್‌ಶಿಪ್ 1986ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಶುರುವಾಯಿತು. ಇಂದು ಅದರ ಫೈನಲ್ ಒಂದು ಗಂಟೆಯದು, ಟ್ಯಾಂಕಿನ ಮಿತಿ 125 ಸಿಸಿ. ಇಂಥ ನಿಯಮಗಳ ಒತ್ತಡದಲ್ಲೇ ತಯಾರಕರು ಹನಿ ಹನಿ ಉಳಿಸುವ ಎಂಜಿನ್‌ಗಳ ಕಡೆ ಹೊರಳಿದ್ದು. ಅದರ ಫಲ ಟ್ರಕ್ ಓಡಿಸುವ ನಮಗೂ ಸಿಕ್ಕಿದೆ.

ನೈಟ್ರೋಮೀಥೇನ್ ಪ್ರಮಾಣ ಎಷ್ಟಿರಬೇಕೆಂಬುದನ್ನು ಎಂಜಿನ್ ಆರಿಸುವಾಗಲೇ ಯೋಚಿಸಬೇಕು. ಈ ದ್ರವದ ಅಣುವಿನಲ್ಲೇ ಆಮ್ಲಜನಕ ಇದೆ. ಪೆಟ್ರೋಲ್ ಉರಿಯಲು ತನ್ನ ತೂಕದ ಹದಿನಾಲ್ಕೂ ಮುಕ್ಕಾಲು ಪಟ್ಟು ಗಾಳಿ ಬೇಕು, ಮೆಥನಾಲಿಗೆ ಆರೂವರೆ ಪಟ್ಟು, ನೈಟ್ರೋಮೀಥೇನಿಗೆ ಎರಡು ಪಟ್ಟೂ ಬೇಡ. ಹಾಗಾಗಿ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಬಹುದು, ಶಕ್ತಿ ಹೆಚ್ಚುತ್ತದೆ, ಐಡಲ್ ಕೂಡ ಸ್ಥಿರವಾಗುತ್ತದೆ. ಅದರ ಜೊತೆಗೇ ಇಂಧನದ ಖರ್ಚೂ ಹೆಚ್ಚುತ್ತದೆ, ಹೆಡ್ಡಿನ ಕೆಳಗೆ ಶಿಮ್ ಎಂಬ ತೆಳು ಲೋಹದ ಬಳೆ ಸೇರಿಸಿ ಕಂಪ್ರೆಷನ್ ತಗ್ಗಿಸಬೇಕಾಗುತ್ತದೆ. ರೇಸಿನಲ್ಲಿ 25 ಶೇಕಡಾ ಬಹಳ ಕಾಲದಿಂದ ರೂಢಿಯಲ್ಲಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ, ಸ್ಫೋಟಕ ತಯಾರಿಕೆಗೆ ದುರ್ಬಳಕೆಯಾಗಬಹುದಾದ ರಾಸಾಯನಿಕಗಳ ಮೇಲಿನ ಕಾನೂನಿನಡಿ, ಪರವಾನಗಿ ಇಲ್ಲದ ಸಾಮಾನ್ಯ ಜನರಿಗೆ 16 ಶೇಕಡಾಗಿಂತ ಹೆಚ್ಚಿನದನ್ನು ಮಾರುವಂತಿಲ್ಲ. ಆ ಮೇಲೆ ಬಂದ ಎಂಜಿನ್‌ಗಳಲ್ಲಿ ಕಡಿಮೆ ನೈಟ್ರೋಗೆ ತಕ್ಕ, ಸಿಲಿಂಡರಿನ ಉರಿಕೋಣೆಯನ್ನು ಮೇಲಿನಿಂದ ಮುಚ್ಚುವ ಹೆಡ್ ಬಟನ್‌ಗಳನ್ನು ಕೊಡುವವರಿದ್ದಾರೆ. ನಿಮಗೆ ಯಾವ ಇಂಧನ ತಪ್ಪದೆ ಸಿಗುತ್ತದೋ ಅದಕ್ಕೆ ಹೊಂದುವ ಎಂಜಿನ್ ಆರಿಸಿ; ಎಂಜಿನ್ ಕೊಂಡು ಆಮೇಲೆ ಇಂಧನ ಹುಡುಕುವುದು ತಲೆಕೆಳಗಿನ ದಾರಿ. ಮೆಥನಾಲ್ ವಿಷ, ಚರ್ಮದ ಮೂಲಕವೂ ಮೈ ಸೇರುತ್ತದೆ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಮಕ್ಕಳಿರುವ ಮನೆಯಲ್ಲಿ ಅದನ್ನು ಬೀಗ ಹಾಕಿಯೇ ಇಡಬೇಕು.

ಎಕ್ಸಾಸ್ಟ್ ಪೈಪ್, ಕ್ಲಚ್, ಗೇರ್ ಮೂರನ್ನೂ ಎಂಜಿನ್ನಿನ ಭಾಗವೆಂದೇ ಎಣಿಸಬೇಕು. ಪೈಪಿನ ಒಳಗೆ ಶಬ್ದದ ಅಲೆ ಹಿಂದಿರುಗಿ ಬಂದು, ಹೊರಹೋಗುತ್ತಿರುವ ತಾಜಾ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ಎಂಜಿನ್ನನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ಉದ್ದವಾದರೆ ಆ ಅಲೆ ಕಡಿಮೆ ಸುತ್ತಿನಲ್ಲಿ ಹೊಂದಿಕೊಳ್ಳುತ್ತದೆ, ಚಿಕ್ಕದಾದರೆ ಹೆಚ್ಚಿನ ಸುತ್ತಿನಲ್ಲಿ. ಟ್ರಕ್ಕಿಗೆ ಉದ್ದದ್ದೇ ವಾಸಿ. ಗೇರಿನಲ್ಲಿ, ಚಕ್ರಗಳತ್ತ ಚಾಲನೆ ಒಯ್ಯುವ ದೊಡ್ಡ ಗೇರಾದ 48 ಹಲ್ಲಿನ ಸ್ಪರ್‌ಗೆ ಎಂಜಿನ್ ಕಡೆಯ ಸಣ್ಣ ಗೇರಾದ 14 ಹಲ್ಲಿನ ಕ್ಲಚ್ ಬೆಲ್ ಬದಲು 13 ಹಾಕಿದರೆ ಚಕ್ರಕ್ಕೆ ಸಿಗುವ ಟಾರ್ಕ್ ಶೇಕಡಾ ಏಳಕ್ಕಿಂತ ಹೆಚ್ಚು ಏರುತ್ತದೆ. ಇನ್ನೂ ದೊಡ್ಡ ಎಂಜಿನ್ ಬೇಕು ಎನಿಸಿದಾಗ ಮೊದಲು ಈ ಒಂದು ಹಲ್ಲನ್ನು ಬದಲಿಸಿ ನೋಡಿ. ಎಷ್ಟೋ ಸಲ ಆಸೆ ಅಲ್ಲಿಗೇ ತೀರುತ್ತದೆ, ಎಂಜಿನ್ನಿನ ಬಿಸಿಯೂ ಇಳಿಯುತ್ತದೆ. ಹೆಡ್ಡಿನ ಉಷ್ಣತೆ ಸಾಮಾನ್ಯವಾಗಿ 100ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಇರುವುದು ಒಳ್ಳೆಯದು. ಆದರೆ ಥರ್ಮಾಮೀಟರಿಗಿಂತ ಪ್ಲಗ್ಗಿನ ತಂತಿಯನ್ನು ನಾನು ಹೆಚ್ಚು ನಂಬುತ್ತೇನೆ. ಓಟದ ನಂತರ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಸುರುಳಿ ನೆಟ್ಟಗೆ, ತಿಳಿಬೂದು ಬಣ್ಣದಲ್ಲಿದ್ದರೆ ಸಮಾಧಾನ. ಸುರುಳಿ ತಿರುಚಿಕೊಂಡಿದ್ದರೆ ಉರಿಯುವಿಕೆ ಬೇಗ ಆಗುತ್ತಿದೆ ಎಂದರ್ಥ: ಮಿಶ್ರಣ ಲೀನ್, ಇಲ್ಲವೇ ಕಂಪ್ರೆಷನ್ ಹೆಚ್ಚು.

ಏರ್ ಫಿಲ್ಟರ್ ಬಗ್ಗೆ ಯಾರೂ ಪ್ರೀತಿಯಿಂದ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಮಣ್ಣಿನ ಟ್ರ್ಯಾಕಿನಲ್ಲಿ ಎಂಜಿನ್‌ಗಳನ್ನು ಕೊಲ್ಲುವುದರಲ್ಲಿ ಧೂಳಿಗೆ ಎಣೆಯಿಲ್ಲ. ಒಳ ಹೊರ ಎರಡು ಪದರದ, ಫಿಲ್ಟರ್ ಎಣ್ಣೆಯಲ್ಲಿ ಹದವಾಗಿ ನೆನೆದ ಸ್ಪಂಜು ಇಲ್ಲದಿದ್ದರೆ ಅತಿ ದುಬಾರಿ ಎಂಜಿನ್ನಿನ ಪಿಂಚ್ ಕೂಡ ಕೆಲವೇ ಲೀಟರ್ ಇಂಧನದಲ್ಲಿ ಸವೆದುಹೋಗುತ್ತದೆ. ಫಿಲ್ಟರ್ ಗಟ್ಟಿಯಾಗಿ ಕೂರುವಂಥ ಕುತ್ತಿಗೆ ಕಾರ್ಬ್ಯುರೇಟರಿಗೆ ಇದೆಯೇ ಎಂಬುದನ್ನು ಕೊಳ್ಳುವಾಗಲೇ ನೋಡಿ.

ಕಂಪನಿಗಳ ಮಾತು ಬಂದಾಗ ಜಗಳ ಏಳುವುದು ಸಹಜ. ಒಗಾವಾ ಶಿಗೆಒ 1936ರಲ್ಲಿ ಜಪಾನಿನ ಒಸಾಕಾದಲ್ಲಿ ಆರಂಭಿಸಿದ ಓಎಸ್ ಎಂಜಿನ್ಸ್ ಇಂದಿಗೂ ಈ ಲೋಕದ ದೊಡ್ಡ ಹೆಸರು. ಇಟಲಿಯ ನೊವಾರೊಸ್ಸಿ, ಪಿಕ್ಕೊ, ರೆಡ್ಸ್ ಎಂಜಿನ್‌ಗಳಿಗೆ ತಮ್ಮದೇ ಅಭಿಮಾನಿ ಬಳಗವಿದೆ. ತೈವಾನಿನ ಕಾರ್ಖಾನೆಗಳು ಕಡಿಮೆ ಬೆಲೆಗೆ ಗಟ್ಟಿಯಾದವನ್ನು ಕೊಡುತ್ತವೆ. ನನ್ನ ಅನುಭವದಲ್ಲಿ ಓಎಸ್ ಎಂಜಿನ್ನಿನ ಹದ ಸುಲಭವಾಗಿ ಕೂರುತ್ತದೆ, ಕೂತರೆ ಕದಲುವುದಿಲ್ಲ. ಇಟಲಿಯವು ಮೇಲಿನ ಸುತ್ತಿನಲ್ಲಿ ಹಾಡುತ್ತವೆ, ಆದರೆ ಓಡಿಸುವವರ ಗಮನವನ್ನು ಹೆಚ್ಚು ಕೇಳುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಆ ಎಂಜಿನ್ನಿನ ಕನೆಕ್ಟಿಂಗ್ ರಾಡ್, ಬೇರಿಂಗ್, ಪಿಸ್ಟನ್ ಮತ್ತು ತೋಳಿನ ಜೋಡಿ, ಕಾರ್ಬ್ಯುರೇಟರಿನ ರಬ್ಬರ್ ಬಳೆಗಳು ನಿಮಗೆ ಸಿಗುತ್ತವೆಯೇ? ಈ ಎಂಜಿನ್‌ಗಳ ವಯಸ್ಸನ್ನು ಕುಡಿದ ಇಂಧನದ ಲೀಟರುಗಳಲ್ಲಿ ಎಣಿಸುತ್ತಾರೆ. ರಾಡನ್ನು ಸಮಯಕ್ಕೆ ಸರಿಯಾಗಿ ಬದಲಿಸಿದರೆ ಎಂಜಿನ್ ಬದುಕುತ್ತದೆ. ಬಿಟ್ಟರೆ ಅದು ಮುರಿದು ಕ್ರ್ಯಾಂಕ್‌ಕೇಸನ್ನೂ ಕೂಡಿಯೇ ಕೊಂಡೊಯ್ಯುತ್ತದೆ. ಭಾಗಗಳು ಸಿಗದ ಎಂಜಿನ್ ಎಷ್ಟು ಶ್ರೇಷ್ಠವಾದರೂ ಒಂದು ಋತುವಿನ ಅತಿಥಿ.

ಇಂದು ಯಾರಾದರೂ ನನ್ನನ್ನು ಮೊದಲ ಟ್ರಗ್ಗಿ ಎಂಜಿನ್ ಯಾವುದಿರಲಿ ಎಂದು ಕೇಳಿದರೆ ಹೀಗೆ ಹೇಳುತ್ತೇನೆ: ಮೂರು ಅಥವಾ ಐದು ಪೋರ್ಟಿನ .21, ಮಧ್ಯಮ ಬೆಲೆಯದು, ಸಾಧ್ಯವಾದರೆ ಹಿಂದಿನ ಬೇರಿಂಗ್ ಸೆರಾಮಿಕ್, ಆರೂವರೆ ಮಿಲಿಮೀಟರಿನ ಬಳೆ, ಮಧ್ಯಮ ಬಿಸಿಯ ಟರ್ಬೊ ಪ್ಲಗ್ (ತುದಿ ಶಂಕುವಿನಾಕಾರದ ಗ್ಲೋ ಪ್ಲಗ್), ಉದ್ದ ಮ್ಯಾನಿಫೋಲ್ಡ್, 13 ಹಲ್ಲಿನ ಕ್ಲಚ್ ಬೆಲ್. ಅತ್ಯುನ್ನತ ಮಾದರಿಗೆ ಹಾಕಬೇಕೆಂದಿದ್ದ ಹೆಚ್ಚುವರಿ ಹಣವನ್ನು ಹಾಗೇ ಇಟ್ಟುಕೊಂಡು, ಕೆಲವು ತಿಂಗಳ ಬಳಿಕ ಅದೇ ಮಾದರಿಯ ಎರಡನೆಯ ಎಂಜಿನ್ ಕೊಳ್ಳಿ. ಒಂದರಲ್ಲಿ ಕಲಿತ ಹದ ಇನ್ನೊಂದಕ್ಕೆ ಬಹುತೇಕ ಹಾಗೇ ಹೊಂದುತ್ತದೆ, ಪೈಪ್, ಕ್ಲಚ್, ಬಿಡಿಭಾಗ ಎಲ್ಲವೂ ಎರಡಕ್ಕೂ ಒಂದೇ. ಫೈನಲಿಗೆ ಮುಂಚೆ ಒಂದು ಎಂಜಿನ್ ಕೈಕೊಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಇನ್ನೊಂದನ್ನು ಕೂರಿಸಿ, ಬೆಚ್ಚಗೆ ಮಾಡಿ, ಕೊಳವೆ ಹಿಸುಕಿ ನೋಡಿ ಸಾಲಿಗೆ ಹೋಗಿ ನಿಲ್ಲಬಹುದು.